ನಮ್ಮ ಹಾಗೇ ಉತ್ತರ ಕೊಡುವ ನಕಲು

ಸ್ಟ್ಯಾನ್‌ಫರ್ಡ್‌ನ ಜೂನ್ ಸಂಗ್ ಪಾರ್ಕ್ ಮತ್ತು ಜೊತೆಯವರು 2024ರಲ್ಲಿ ಮಾಡಿದ ಒಂದು ಪ್ರಯೋಗ ತಲೆಯಿಂದ ಹೋಗ್ತಾನೇ ಇಲ್ಲ. ಅಮೆರಿಕದ 1,052 ಜನರನ್ನು ಒಬ್ಬೊಬ್ಬರಾಗಿ 2 ಗಂಟೆ ಮಾತಾಡಿಸಿದ್ದಾರೆ. ಮಾತಾಡಿಸಿದ್ದೂ ಎಐ. ನಿಮ್ಮ ಬದುಕಿನ ಕಥೆ ಹೇಳಿ ಅಂತ ಶುರು ಮಾಡಿ, ಬಾಲ್ಯ, ಓದು, ಮನೆಯವರು, ಎಲ್ಲಾ ಕೇಳಿ, ಆ ಮಾತನ್ನೆಲ್ಲ ಭಾಷಾ ಮಾದರಿಗೆ, ಅಂದರೆ ಮನುಷ್ಯರ ಹಾಗೆ ಬರೆದು ಉತ್ತರಿಸುವ ಎಐಗೆ, ಕೊಟ್ಟು ಪ್ರತಿಯೊಬ್ಬರದ್ದೂ ಒಂದೊಂದು ನಕಲು ಮಾಡಿದ್ದಾರೆ. ಆಮೇಲೆ ಆ ಜನರಿಗೂ ಅವರ ನಕಲುಗಳಿಗೂ ಒಂದೇ ಸಮೀಕ್ಷೆ.

ನನಗೆ ತುಂಬಾ ಹಿಡಿಸಿದ್ದು ಅಳೆದ ರೀತಿ. ಅದೇ ಜನರನ್ನು 2 ವಾರ ಬಿಟ್ಟು ಮತ್ತೆ ಕೇಳಿದರೆ ಅವರ ಉತ್ತರವೇ ಅಲ್ಲಲ್ಲಿ ಬದಲಾಗಿರುತ್ತದೆ, ಅಲ್ವಾ? ಹಾಗಾಗಿ ಆ ಜನರ ಎರಡು ಸಲದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೋ ಅದಕ್ಕೆ ನಕಲಿನ ಉತ್ತರವನ್ನು ಹೋಲಿಸಿ ನೋಡಿದ್ದಾರೆ. ನಕಲು ಅದರ 85% ಮುಟ್ಟಿದೆ. ಬರೀ ವಯಸ್ಸು, ಲಿಂಗ, ಜನಾಂಗ, ರಾಜಕೀಯ ಒಲವು ಕೊಟ್ಟು ಮಾಡಿದ ನಕಲುಗಳು ಇಷ್ಟು ಹತ್ತಿರ ಬರಲಿಲ್ಲ. ಮನುಷ್ಯ ಇರುವುದು ಅವನ ಮಾತಿನಲ್ಲಿ, ಅರ್ಜಿಯ ಕಾಲಂಗಳಲ್ಲಲ್ಲ ಅನ್ನೋದು ನನಗೆ ನಿಜಕ್ಕೂ ಖುಷಿ ಕೊಟ್ಟಿತು.

ಆದರೆ ನಮ್ಮಮ್ಮ ಗಣತಿಯವರಿಗೆ ಕೊಡುವ ಉತ್ತರವೇ ಬೇರೆ, ಪಕ್ಕದ ಮನೆ ಆಂಟಿಗೆ ಕೊಡುವುದೇ ಬೇರೆ. ಎರಡೂ ಸುಳ್ಳಲ್ಲ. ಅಮ್ಮನ ನಕಲು ಮಾಡಿದರೆ ಅದು ಯಾರ ಮುಂದಿನ ಅಮ್ಮ ಆಗಿರುತ್ತದೆ?