ಸ್ಕೂಟರ್ ಮೇಲೆ 360 ಕ್ಯಾಮೆರಾ: ಪೈಪ್ ಅಂತೂ ನಿಂತಿದೆ

ಮ್ಯಾಪಿಗೆ ಅಂತ ರಸ್ತೆ, ಅಂಗಡಿ ಬೋರ್ಡ್ ಚಿತ್ರ ತೆಗೀತಿರ್ತೀನಿ, ಅದಕ್ಕೆ ಕ್ಯಾಮೆರಾನ ಹೆಲ್ಮೆಟ್ ಮೇಲೆ ಕೂರಿಸೋದನ್ನ ಬಿಟ್ಬಿಟ್ಟೆ. ಕತ್ತು ನೋವು ಒಂದು ಕಡೆ ಇರ್ಲಿ, ಸಿಗ್ನಲ್ಲಲ್ಲಿ ತಲೆ ತಿರುಗಿಸಿದ್ರೆ ಕ್ಯಾಮೆರಾನೂ ತಿರುಗುತ್ತೆ, ಆದ್ರೆ ಮ್ಯಾಪಿಲರಿಗೆ (ಜನ ತೆಗೆದ ರಸ್ತೆ ಚಿತ್ರಗಳನ್ನ ಸೇರಿಸಿಡೋ ಸೈಟು) ಹಾಕೋವಾಗ ದಿಕ್ಕನ್ನ ನಾನು ಗಾಡಿ ಹೋಗಿರೋ ದಾರಿ ಲೆಕ್ಕದಲ್ಲೇ ಕೊಡೋದು, ಹಾಗಾಗಿ ಎಡಗಡೆ ಇರೋ ಬೇಕರಿ ಮ್ಯಾಪಲ್ಲಿ ರಸ್ತೆ ಮಧ್ಯ ಬಂದು ಕೂತ್ಕೊಳ್ಳುತ್ತೆ.

ಈಗ ಹಿಂದಿನ ಕ್ಯಾರಿಯರ್‌ಗೆ ಅಲ್ಯೂಮಿನಿಯಂ ಪೈಪ್, ತುದೀಲಿ ಎರಡು ಲೆನ್ಸಲ್ಲಿ ಸುತ್ತಲೂ ಒಟ್ಟಿಗೆ ಸೆರೆಹಿಡಿಯೋ ಗೋಪ್ರೋ ಮ್ಯಾಕ್ಸ್ ಕ್ಯಾಮೆರಾ. ಎತ್ತರ ಇದ್ದಷ್ಟೂ ಒಳ್ಳೇದು ಅಂತಾರೆ, ನಿಜ, ನಿಂತಿರೋ ಕಾರು ಆಟೋ ದಾಟಿ ಅಂಗಡಿ ಬೋರ್ಡ್ ಕಾಣುತ್ತೆ. ಆದ್ರೆ ನಮ್ಮ ಮೈಸೂರಿನ ಕ್ರಾಸ್‌ಗಳಲ್ಲಿ ಕೇಬಲ್ ಟಿವಿ ವೈರು, ಫೈಬರ್ ವೈರು ಎಲ್ಲಾ ಮದುವೆ ಮನೆ ತೋರಣದ ಥರ ಜೋತಾಡ್ತಿರ್ತವಲ್ಲ, ಅದಕ್ಕೇ ಪೈಪ್ ಕುಯ್ಸಿ ಹೆಲ್ಮೆಟ್‌ಗಿಂತ ಒಂದು ಗೇಣು ಮೇಲೆ ನಿಲ್ಲಿಸಿದೀನಿ.

ಈ ಸಲದ ದೊಡ್ಡ ಬದಲಾವಣೆ ಅಂದ್ರೆ ಕ್ಯಾಮೆರಾನ ಅಡ್ಡಕ್ಕೆ ತಿರುಗಿಸಿದ್ದು. ಎರಡು ಲೆನ್ಸ್ ಹಿಂದೆ ಮುಂದೆ ನೋಡ್ತಿದ್ರೆ ಸ್ಟಿಚ್ ಲೈನ್, ಅಂದ್ರೆ ಎರಡೂ ಚಿತ್ರ ಸೇರೋ ಗೆರೆ, ಸರಿಯಾಗಿ ಎಡ ಬಲಕ್ಕೇ ಬೀಳುತ್ತೆ, ಎರಡು ಲೆನ್ಸ್ ಮಧ್ಯ ಸ್ವಲ್ಪ ಅಂತರ ಇರೋದ್ರಿಂದ ಹತ್ತಿರದ ವಸ್ತು ಅಲ್ಲೇ ಹರಿಯೋದು, ಅಂದ್ರೆ ನಮಗೆ ಬೇಕಾದ ಬೋರ್ಡೇ. ‘ಸ್ಟೋರ್ಸ್’ ಅನ್ನೋದ್ರಲ್ಲಿ ‘ಸ್ಟೋ’ ಅರ್ಧ ಮಾಯ. ಈಗ ಲೆನ್ಸ್‌ಗಳು ಅಂಗಡಿ ಕಡೆ ನೋಡ್ತವೆ, ಹರಿಯೋದೆಲ್ಲ ಬರೀ ಟಾರು ಮತ್ತೆ ನನ್ನ ಬೆನ್ನು, ಹರೀಲಿ ಬಿಡಿ. ಅಪ್‌ಲೋಡ್ ಮಾಡೋವಾಗ ದಿಕ್ಕಿಗೆ 90 ಡಿಗ್ರಿ ಆಫ್‌ಸೆಟ್ (ತಿದ್ದುಪಡಿ) ಕೊಟ್ರೆ ಆಯ್ತು.

ಐಡಲಿಂಗ್ ನಡುಕ ಇನ್ನೂ ಪೂರ್ತಿ ಹೋಗಿಲ್ಲ. ಸೆನ್ಸರ್ ಸಾಲು ಸಾಲಾಗಿ ಓದೋದ್ರಿಂದ ನೆಟ್ಟಗಿರೋ ಕರೆಂಟ್ ಕಂಬ ಅಂಕುಡೊಂಕಾಗಿ ಬರುತ್ತೆ. ರಬ್ಬರ್ ಬುಷ್ ಹಾಕಿದ್ಮೇಲೆ ತುಂಬಾ ಕಮ್ಮಿ ಆಯ್ತು, ಆದ್ರೆ ಮೆತ್ತಗಿನ ಬುಷ್ ಹಾಕಿದ್ರೆ ಹಂಪ್ ಬಂದಾಗ ಪೈಪೇ ತೂಗಾಡುತ್ತೆ.

ಮೆಗಾಪಿಕ್ಸೆಲ್ ಮೆಗಾಪಿಕ್ಸೆಲ್ ಅಂತ ಬಡ್ಕೊಳ್ಳೋರಿಗೆ ಒಂದು ಲೆಕ್ಕ: ಗಂಟೆಗೆ 36 ಕಿಮೀ ಅಂದ್ರೆ ಸೆಕೆಂಡಿಗೆ 10 ಮೀಟರ್. ಎರಡು ಸೆಕೆಂಡಿಗೊಂದು ಫೋಟೋ ತೆಗೆದ್ರೆ ಮಧ್ಯ 20 ಮೀಟರ್ ಖಾಲಿ, ಅದಕ್ಕೇ ವಿಡಿಯೋ ತೆಗೆದು ಫ್ರೇಮ್ ಎತ್ಕೊಳ್ತೀನಿ. ಶಟರ್ ಸೆಕೆಂಡಿನ 1/50 ತೆರೆದಿದ್ರೆ ಅಷ್ಟರಲ್ಲೇ ಗಾಡಿ 20 ಸೆಂಟಿಮೀಟರ್ ಮುಂದೆ ಹೋಗಿ ಬೋರ್ಡ್ ಮಸುಕಾಗುತ್ತೆ, 1/1000 ಆದ್ರೆ ಒಂದೇ ಸೆಂಟಿಮೀಟರ್. ಅಷ್ಟು ಬೇಗ ಶಟರ್ ಮುಚ್ಚಬೇಕಂದ್ರೆ ಬೆಳಕು ಜಾಸ್ತಿ ಬೇಕು, ಬೆಳಕೇ ಎಲ್ಲಾ. ನಸುಕಲ್ಲಿ ರಸ್ತೆ ಖಾಲಿ, ಆದ್ರೆ ಬೋರ್ಡ್ ಓದಕ್ಕಾಗಲ್ಲ. ಭಾನುವಾರ ಬಿಸಿಲು ಏರಿದ್ಮೇಲೆ ಬೆಸ್ಟ್, ಅಂಗಡಿ ಬಾಗಿಲು ಹಾಕಿದ್ರೂ ಹೆಸರು ಮೇಲೇ ಇರುತ್ತಲ್ಲ.

ಗೂಗಲ್ ಸ್ಟ್ರೀಟ್ ವ್ಯೂ ಇದೆಯಲ್ಲ ಅಂತೀರಾ? 2011ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ್ರು, ಪೊಲೀಸರು ನಿಲ್ಲಿಸಿದ್ರು, ಆಮೇಲೆ 2022ರಲ್ಲಿ ಜೆನೆಸಿಸ್, ಟೆಕ್ ಮಹೀಂದ್ರಾ ಕಂಪನಿಗಳು ತೆಗೆದ ಚಿತ್ರ ಇಟ್ಕೊಂಡು ವಾಪಸ್ ಬಂದ್ರು. ನೋಡಕ್ಕೆ ಚೆನ್ನಾಗಿದೆ, ಆದ್ರೆ ಅದನ್ನ ನೋಡ್ಕೊಂಡು ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ (ಜನರೇ ಸೇರಿ ಮಾಡೋ ಮುಕ್ತ ಮ್ಯಾಪು) ಹೆಸರು ತುಂಬೋ ಹಾಗಿಲ್ಲ, ಲೈಸೆನ್ಸ್ ಬಿಡಲ್ಲ. ಮ್ಯಾಪಿಲರೀದು ನೋಡ್ಕೊಂಡು ತುಂಬಬಹುದು, ಮುಖ, ನಂಬರ್ ಪ್ಲೇಟ್ ಅವರೇ ಬ್ಲರ್ ಮಾಡ್ತಾರೆ.

ಇನ್ನು ಜಿಪಿಎಸ್. ದೊಡ್ಡ ಮರಗಳ ಕೆಳಗೆ ಟ್ರ್ಯಾಕ್ ಪಕ್ಕದ ಕಾಂಪೌಂಡ್ ಒಳಗೆ ನುಗ್ತಿದೆ. ಬೇರೆ ಜಿಪಿಎಸ್ ಲಾಗರ್ ಕಟ್ಟಿ ಅದರ ಜಿಪಿಎಕ್ಸ್ ಫೈಲಿಗೆ (ಯಾವ ಹೊತ್ತಲ್ಲಿ ಎಲ್ಲಿದ್ದೆ ಅಂತ ಬರೆದಿಡೋ ಫೈಲು) ಫ್ರೇಮ್ ಟೈಮ್ ಹೊಂದಿಸಬೇಕು, ಒಂದು ಸೆಕೆಂಡ್ ತಪ್ಪಿದ್ರೆ ಅದೇ 10 ಮೀಟರ್ ಆಚೆ, ಹಾಗಾಗಿ ರೆಕಾರ್ಡ್ ಒತ್ತಿದ ತಕ್ಷಣ ಫೋನಲ್ಲಿರೋ ಜಿಪಿಎಸ್ ಗಡಿಯಾರವನ್ನ ಲೆನ್ಸಿಗೆ ತೋರಿಸೋದು ಅಂತ ಪ್ಲಾನ್.