ಅಪ್ಪನ ಅಡಿಕೆ ದುಡ್ಡು ನುಂಗಿದ ಪಾಸ್

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿ ಎರಡು ತಿಂಗಳಾಗಿತ್ತು. ಏನಾದರೂ ಉಪಯೋಗಕ್ಕೆ ಬರುವುದನ್ನು ಮಾಡೋಣ ಅಂತ ಅಪ್ಪನ ಅಡಿಕೆ ಲೆಕ್ಕ ಹಿಡಿದೆ. ಮಂಡಿಗೆ ಹಾಕಿದಾಗೆಲ್ಲ ತಾರೀಕು, ತೂಕ, ಬಂದ ದುಡ್ಡು ಎಲ್ಲವನ್ನೂ ಅವರು ಮೊಬೈಲ್‌ನಲ್ಲೇ ಒಂದು ಶೀಟ್ ಮಾಡಿ ಬರೆದಿಡುತ್ತಾರೆ. ಅದನ್ನು ಸಿಎಸ್‌ವಿ, ಅಂದರೆ ಪ್ರೋಗ್ರಾಂ ಸುಲಭವಾಗಿ ಓದಬಲ್ಲ ಸಾದಾ ಫೈಲ್, ಮಾಡಿಕೊಂಡು ದುಡ್ಡಿನ ಕಾಲಂ ಕೂಡಿಸಬೇಕು, ಅಷ್ಟೇ.

ಪ್ರೋಗ್ರಾಂ ಬರೆದು ಓಡಿಸಿದರೆ ಪೈಥಾನ್‌ನ ಐಡಲ್ ಕಿಟಕಿ ತುಂಬ ಕೆಂಪಕ್ಷರ. ವ್ಯಾಲ್ಯೂಎರರ್ ಅಂತೆ, ಅಂದರೆ ಕೊಟ್ಟ ಬೆಲೆ ಸರಿಯಿಲ್ಲ ಅನ್ನುವ ತಪ್ಪು. ಓದುವ ತಾಳ್ಮೆ ಯಾರಿಗಿದೆ? ಬರೆದಿದ್ದನ್ನು ಸಂಖ್ಯೆ ಮಾಡುವ ಫ್ಲೋಟ್ ಇದ್ದ ಸಾಲನ್ನು ಟ್ರೈ (ಮಾಡಿ ನೋಡು) ಒಳಗೆ ತಳ್ಳಿದೆ. ಕೆಳಗೆ ಎಕ್ಸೆಪ್ಟ್ (ತಪ್ಪಾದರೆ), ಅದರ ಕೆಳಗೆ ಪಾಸ್ (ಏನೂ ಮಾಡದೆ ಮುಂದೆ ಹೋಗು). ಕೆಂಪು ಮಾಯ! ಒಟ್ಟು 2,31,400 ಅಂತ ಬಂತು. ಬೀಗುತ್ತಾ ಅಪ್ಪನಿಗೆ ತೋರಿಸಿದೆ.

"ಇದೇನೇ ಮಾರಾಯ್ತಿ, ಮಾರ್ಚ್ ಒಂದೇ ತಿಂಗಳು ಇದಕ್ಕಿಂತ ಜಾಸ್ತಿ ಬಂದಿದೆಯಲ್ಲ!"

ಟ್ರೈ, ಎಕ್ಸೆಪ್ಟ್, ಪಾಸ್ ಮೂರನ್ನೂ ತೆಗೆದು ಮತ್ತೆ ಓಡಿಸಿದೆ. ಈ ಸಲ ಕೆಂಪಕ್ಷರದ ಕೊನೇ ಸಾಲನ್ನು ಓದಿದೆ. ಅಸಲು ವಿಷಯ ಇರುವುದೇ ಅಲ್ಲಿ. '1,12,500' ಅನ್ನು ಸಂಖ್ಯೆ ಮಾಡಲು ಆಗಲಿಲ್ಲ ಅಂತ ಸ್ಪಷ್ಟವಾಗಿ ಹೇಳಿತ್ತು ಪಾಪ. ಫ್ಲೋಟ್‌ಗೆ ಕಾಮಾ ಆಗಿಬರುವುದಿಲ್ಲ. ಅಪ್ಪ ಕಾಮಾ ಹಾಕುವುದು ಲಕ್ಷ ದಾಟಿದರೆ ಮಾತ್ರ. ಹಾಗಾಗಿ ದೊಡ್ಡ ದೊಡ್ಡ ವ್ಯಾಪಾರಗಳನ್ನೇ ನನ್ನ ಪಾಸ್ ಸದ್ದಿಲ್ಲದೆ ದಾಟಿಸಿ ಹೋಗಿತ್ತು.

ನಾನು ಅನುಮಾನ ಪಟ್ಟಿದ್ದು ಬೇರೆಯದನ್ನು. ಎರಡು ಕಡೆ ಅಪ್ಪ ೪೮೫೦೦ ಅಂತ ಕನ್ನಡ ಅಂಕಿಯಲ್ಲಿ ಬರೆದಿದ್ದರು. ಪೈಥಾನ್ ಅದನ್ನು ಏನೂ ತಕರಾರಿಲ್ಲದೆ 48500 ಅಂತ ಓದಿಕೊಂಡಿದೆ! ಕನ್ನಡ ಬರುತ್ತದೆ, ಕಾಮಾ ಬರುವುದಿಲ್ಲ.

ಆಮೇಲೆ ಕಾಮಾಗಳನ್ನು ರಿಪ್ಲೇಸ್‌ನಿಂದ ತೆಗೆದೆ. ಟ್ರೈ, ಎಕ್ಸೆಪ್ಟ್ ವಾಪಸ್ ತಂದು, ಎಕ್ಸೆಪ್ಟ್ ಮುಂದೆ ವ್ಯಾಲ್ಯೂಎರರ್ ಅಂತ ಹೆಸರು ಹಾಕಿದೆ. ಹೆಸರಿಲ್ಲದ ಎಕ್ಸೆಪ್ಟ್ ಏನು ಬಂದರೂ ಹಿಡಿದುಕೊಳ್ಳುತ್ತದೆ, ಪ್ರೋಗ್ರಾಂ ನಿಲ್ಲಿಸಲು ನಾವು ಒತ್ತುವ ಕಂಟ್ರೋಲ್-ಸಿಯನ್ನೂ ಸೇರಿಸಿ. ಪಾಸ್ ಇದ್ದ ಜಾಗದಲ್ಲಿ ಸಾಲಿನ ನಂಬರ್ ಮತ್ತು ಅಲ್ಲಿ ಬರೆದಿದ್ದನ್ನು ಪ್ರಿಂಟ್ ಮಾಡಿಸಿದೆ.

ಈಗ ಉಳಿದಿದ್ದು ಒಂದೇ. 14ನೇ ಸಾಲು: 'ಬಾಕಿ'.

ಸುಮ್ನೆ ಸೊನ್ನೆ ಅಂದುಕೊಂಡು ಕೂಡಿಸಿಬಿಡೋಣ ಅನ್ನಿಸಿತು. ಆದರೆ ಸೊನ್ನೆ ಅಂದರೆ ಅಡಿಕೆಯನ್ನು ಪುಕ್ಕಟೆ ಕೊಟ್ಟ ಹಾಗಾಯಿತು, ಅಲ್ವಾ? ಹಾಗೇ ಬಿಟ್ಟು ಅಪ್ಪನಿಗೆ ತೋರಿಸಿದೆ.

ಅಪ್ಪ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು. "ಅರೆ, ಜನವರಿದು! ಮರೆತೇ ಹೋಗಿತ್ತು ನೋಡು" ಅಂದವರೇ ಮಂಡಿಯ ನಂಬರ್ ಹುಡುಕತೊಡಗಿದರು.