ಚಿನ್ನಿಯ ಬಟ್ಟಲು

ಮಾರ್ಚ್ 5, 2025, ಬುಧವಾರ

ಇವತ್ತಿಂದ ಚಿನ್ನಿಗೆ ಹಸಿ ಚಿಕನ್ ಬಂದ್.

ಕೋಳಿ ಅಂಗಡಿಯಲ್ಲಿ ಬೆಕ್ಕಿಗೆ ಅಂದರೆ ಚರ್ಮ, ಕತ್ತು ಎಲ್ಲ ಸುಮ್ನೆ ಕೊಡುತ್ತಾರೆ. ಕವರ್ ಸದ್ದಾದರೆ ಸಾಕು, ಇವಳು ಕಾಲು ಸುತ್ತೋಕೆ ಶುರು. ಆದರೆ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿ ಜ್ವರ ಅಂತ ಸುದ್ದಿ ಬಂದಮೇಲೆ ಆ ಕವರ್ ನೋಡಿದರೇ ಭಯ.

"ಫ್ಲೂ ಅಂದ್ರೆ ಸೀನು, ಕೆಮ್ಮು. ತಿಂದದ್ದು ಹೊಟ್ಟೆಗೆ ಹೋಗುತ್ತೆ, ಅಲ್ಲಿಂದ ಹೇಗೆ ಬರುತ್ತೆ?" ಅಂದರು ಅಮ್ಮ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕಾಡುಬಾತುಗಳಲ್ಲಿ ಫ್ಲೂ ಹೆಚ್ಚಾಗಿ ಕರುಳಲ್ಲೇ ಬೆಳೆಯೋದಂತೆ! ಹಿಕ್ಕೆಯಲ್ಲಿ ಕೆರೆಗೆ ಬೀಳುತ್ತೆ, ಆ ನೀರು ಕುಡಿದ ಇನ್ನೊಂದು ಬಾತಿಗೆ ಅಂಟುತ್ತೆ. ಮೂಗಿನ ರೋಗ ಅನ್ನೋದು ನಮ್ಮ ಲೆಕ್ಕ, ಅಷ್ಟೇ.

ಬೆಕ್ಕಿನ ಜಾತಿಗಂತೂ ಊಟವೇ ದಾರಿ. 2004ರಲ್ಲಿ ಥಾಯ್ಲೆಂಡಿನ ಶ್ರೀರಾಚಾ ಹುಲಿ ಮೃಗಾಲಯದಲ್ಲಿ 441 ಹುಲಿಗಳಿದ್ದವು, ಅವಕ್ಕೆ ಹಾಕಿದ್ದು ಹಸಿ ಕೋಳಿ, ಕೊನೆಗೆ ಸತ್ತವು ಮತ್ತು ದಯಾಮರಣ ಕೊಟ್ಟವು ಸೇರಿ 147 ಹೋದವು. ಹಸಿ ಕೋಳಿ ನಿಲ್ಲಿಸಿದ ಮೇಲೂ ಕಾಯಿಲೆ ನಿಲ್ಲಲಿಲ್ಲ, ಅಷ್ಟರಲ್ಲಿ ಹುಲಿಯಿಂದ ಹುಲಿಗೇ ಹರಡೋಕೆ ಶುರುವಾಗಿತ್ತು.

ಕೋಳಿ ಬಿಡಿ, ಹಾಲೂ ಸಾಕು. ಕಳೆದ ವರ್ಷ ಮಾರ್ಚಲ್ಲಿ ಅಮೆರಿಕದ ಟೆಕ್ಸಾಸ್‌ನ ಒಂದು ಡೈರಿಯಲ್ಲಿ ಇದೇ ಹಕ್ಕಿ ಜ್ವರದಿಂದ ಕಾಯಿಲೆ ಬಿದ್ದ ಹಸುಗಳ ಹಸಿ ಹಾಲು, ಗಿಣ್ಣುಹಾಲು ಕುಡಿದ ಸುಮಾರು 24 ಬೆಕ್ಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತವು. ಕಣ್ಣು ಕಾಣದೆ, ಇದ್ದಲ್ಲೇ ಗಿರಗಿರ ಸುತ್ತುತ್ತಿದ್ದವಂತೆ. ಇದನ್ನು ಓದುವಾಗ ಚಿನ್ನಿ ನನ್ನ ತೊಡೆ ಮೇಲೇ ಮಲಗಿದ್ದಳು, ಪುಸ್ ಅಂತ ಉಸಿರು ಬಿಡುತ್ತಾ.

ಅಮ್ಮನ ಪ್ರಶ್ನೆಗೂ ಉತ್ತರ ಸಿಕ್ಕಿತು. ಹಸಿ ಮಾಂಸ ಅಗಿಯುವಾಗಲೇ ವೈರಸ್ ಬಾಯಿ, ಗಂಟಲಿಗೆಲ್ಲ ತಾಗುತ್ತೆ. ಹೊಟ್ಟೆಗೆ ಹೋದದ್ದೂ ಪೂರ್ತಿ ಸಾಯಲ್ಲ. ಸೋಂಕಿದ ಕೋಳಿಮರಿ ತಿನ್ನಿಸಿ ನೋಡಿದ ಪ್ರಯೋಗದಲ್ಲಿ, ಬೆಕ್ಕಿನ ಕರುಳಿನ ಗೋಡೆಯೊಳಗಿನ ನರಗಳಲ್ಲೂ ವೈರಸ್ ಸಿಕ್ಕಿತ್ತು. ಚೆನ್ನಾಗಿ ಬೇಯಿಸಿದರೆ, ಹಾಲು ಕಾಯಿಸಿದರೆ ಅದರ ಕಥೆ ಮುಗಿಯಿತು. ನಮ್ಮನೆ ಹಾಲು ಹೇಗೂ ಉಕ್ಕಿ ಒಲೆ ಮೇಲೆಲ್ಲ ಚೆಲ್ಲುವವರೆಗೆ ಕಾಯುತ್ತೆ, ಆ ಚಿಂತೆ ಇಲ್ಲ.

ಸಂಜೆ ಕುಕ್ಕರಲ್ಲಿ ಮೂರು ವಿಸಿಲ್ ಕೂಗಿಸಿ, ಆರಿಸಿ, ಬಿಡಿಸಿ ಇಟ್ಟೆ. ಚಿನ್ನಿ ಮೂಸಿದಳು, ನನ್ನ ಮುಖ ನೋಡಿದಳು, ಮುಂಗಾಲಲ್ಲಿ ನೆಲ ಕೆರೆದು ಬಟ್ಟಲು ಮುಚ್ಚುವ ಹಾಗೆ ಮಾಡಿ ಹೊರಟೇಹೋದಳು.